ಕಂಪ್ಯೂಟರ್ ನುಂಗಿದ ಕಾರ್ಡು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದ ವಸ್ತು ಕಿರುಬೆರಳಿನ ಉಗುರಿಗಿಂತ ದೊಡ್ಡದೇನೂ ಆಗಿರಲಿಲ್ಲ. ಹೆಂಡತಿ ಅದನ್ನು ತೆಳ್ಳನೆಯ ಪ್ಲಾಸ್ಟಿಕ್ ಅಡಾಪ್ಟರಿನೊಳಗೆ ಕೂರಿಸಿ, ಅಡಾಪ್ಟರನ್ನು ಲಕೋಟೆಗೆ ಹಾಕಿ, ಲಕೋಟೆಯ ಬಾಯಿಗೆ ಗುಂಡುಪಿನ್ನು ಚುಚ್ಚಿ ಅವನ ಅಂಗಿಯ ಜೇಬಿಗೆ ತಾನೇ ಇಳಿಸಿದಳು.

"ಎರಡು ತಿಂಗಳು ಕೂತು ಮಾಡಿದ ಹನ್ನೆರಡು ಪಾಠ ಇದರಲ್ಲಿದೆ ರೀ. ಬೇರೆ ಎಲ್ಲೂ ಇನ್ನೊಂದು ಪ್ರತಿ ಇಲ್ಲ. ಸಂಜೆ ಐದರೊಳಗೆ ಹೊಲಿಗೆ ಶಾಲೆಗೆ ಹೋಗಿ ಮುಟ್ಟಬೇಕು."

"ಎರಡು ನಿಮಿಷದ ಕೆಲಸ," ಎಂದ ಅವನು, ಶೂಗೆ ಲೇಸು ಕಟ್ಟುತ್ತ.

"ಹಾಗಂತಾನೇ ಹೇಳಿ ಹೋದ ವರ್ಷ ನಲ್ಲಿ ಬಿಚ್ಚಿದ್ರಿ."

"ಅದು ನಲ್ಲಿ. ಇದು ಮೆಮೊರಿ ಕಾರ್ಡ್. ಇದು ನನ್ನ ವಿಷಯ."

"ಅಡಾಪ್ಟರಿಂದ ಮಾತ್ರ ಹೊರಗೆ ತೆಗೀಬೇಡಿ."

ಅವನು ನಕ್ಕ. ಹುಲಿಗೆ ಗರ್ಜಿಸಲು ಯಾರಾದರೂ ಕಲಿಸಿಕೊಟ್ಟರೆ ಅದು ನಗುವ ಹಾಗೆ ನಕ್ಕ.

ಹೆಂಡತಿ ಹತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಈಗ ಹೊಲಿಗೆ ಶಾಲೆಯವರು ಒಬ್ಬ ಶಿಕ್ಷಕಿ ಬೇಕೆಂದು ಪ್ರಕಟಿಸಿದ್ದರು. ಕಾಲರಿನಿಂದ ಹಿಡಿದು ಜೇಬಿನವರೆಗೆ ಹನ್ನೆರಡು ಪಾಠಗಳ ವಿಡಿಯೊ ಮಾಡಿ ಕಳಿಸಬೇಕಿತ್ತು. ತಮ್ಮನ ಹಳೆಯ ಕ್ಯಾಮೆರಾ ತಂದು ಅವಳು ಪಾಠಗಳನ್ನು ಮಾಡಿ ಮುಗಿಸಿದ್ದಳು. ಆದರೆ ಮನೆಯ ಇಂಟರ್ನೆಟ್ ಒಂದು ಫೋಟೊ ಕಳಿಸುವಷ್ಟರಲ್ಲಿ ಒಂದು ಅಂಗಿ ಹೊಲಿದು ಗುಂಡಿ ಹಾಕಿ ಮಡಚಿಡಬಹುದಾಗಿತ್ತು. ಹಾಗಾಗಿ ಆ ಜವಾಬ್ದಾರಿ ಗಂಡನ ಆಫೀಸಿನ ಪಾಲಿಗೆ ಬಂತು.

ಅವನು ನೀರಿನ ಮೀಟರ್ ತಯಾರಿಸುವ ಕಂಪನಿಯೊಂದರಲ್ಲಿ ನಕ್ಷೆಗಾರ. ಮೀಟರಿನ ಹೊಟ್ಟೆಯೊಳಗೆ ತಿರುಗುವ ಪುಟ್ಟ ಹಲ್ಲುಚಕ್ರಗಳನ್ನು ಕೂದಲೆಳೆಯ ದಪ್ಪ ತಪ್ಪದಂತೆ ಬರೆಯುವುದು ಅವನ ಕೆಲಸ. ಅದನ್ನು ನಿಜವಾಗಿಯೂ ಚೆನ್ನಾಗಿ ಮಾಡುತ್ತಿದ್ದ. ಆದರೆ ಆಫೀಸಿನಲ್ಲಿ ಅವನಿಗೆ ಹೆಸರು ಬಂದದ್ದು ಬೇರೆ ಕಾರಣಕ್ಕೆ. ಒಮ್ಮೆ ಪ್ರಿಂಟರ್ ಕೆಟ್ಟು ನಿಂತಾಗ ಎಲ್ಲರೂ ಕೈಚೆಲ್ಲಿದ್ದರು. ಅವನು ಹೋಗಿ ಸ್ವಿಚ್ ಆರಿಸಿ, ಮತ್ತೆ ಹಾಕಿದ. ಅದು ಓಡಿತು. ಅಂದಿನಿಂದ ಎಲ್ಲರೂ ಅವನನ್ನು 'ತಜ್ಞರು' ಎಂದೇ ಕರೆಯುತ್ತಿದ್ದರು. ಕರೆಯುವವರು ಮೊದಮೊದಲು ತಮಾಷೆಗೆ ಕರೆದರು. ಅವನು ಮೊದಲಿನಿಂದಲೂ ಗಂಭೀರವಾಗಿಯೇ ಓಗೊಟ್ಟ.

ಹಿಂದೊಮ್ಮೆ ವೈರಸ್ ಹೊಕ್ಕು ಅವಾಂತರವಾದ ಮೇಲೆ ಕಂಪನಿಯವರು ಎಲ್ಲ ಕಂಪ್ಯೂಟರುಗಳ ತೂತುಗಳಿಗೂ ಅಂಟು ಸುರಿದು ಮುಚ್ಚಿಬಿಟ್ಟಿದ್ದರು. ಕಾರ್ಡು ಹಾಕಲು ಬಾಯಿದ್ದ ಕಂಪ್ಯೂಟರ್ ಒಂದೇ ಉಳಿದಿತ್ತು, ಅದು ಮ್ಯಾನೇಜರ್ ಮೇಡಂ ಕೋಣೆಯಲ್ಲಿತ್ತು. ಆ ಕೋಣೆಯ ಬಾಗಿಲು ತಟ್ಟುವ ಮೊದಲು ಜನ ತಲೆ ಬಾಚಿಕೊಳ್ಳುತ್ತಿದ್ದರು. ಅದೃಷ್ಟಕ್ಕೆ ಮೇಡಂ ಅಂದು ಇನ್ನೊಂದು ಕಾರ್ಖಾನೆಯ ತಪಾಸಣೆಗೆ ಹೋಗಿದ್ದರು, ಮೂರು ಗಂಟೆಗೆ ಮೊದಲು ಬರುವ ಹಾಗಿರಲಿಲ್ಲ.

ಹನ್ನೊಂದಕ್ಕೆ ತಜ್ಞ ಒಳಗೆ ನುಸುಳಿ ಮೇಡಂ ಮೇಜಿನ ಕೆಳಗೆ ಮಂಡಿಯೂರಿದ. ಕಪ್ಪು ಪೆಟ್ಟಿಗೆಯಂಥ ಕಂಪ್ಯೂಟರು ಅಲ್ಲಿ ಗುರ್ರೆನ್ನುತ್ತ ಕೂತಿತ್ತು. ಲಕೋಟೆ ಬಿಚ್ಚಿದ. ಅಡಾಪ್ಟರಿನಿಂದ ಪುಟ್ಟ ಕಾರ್ಡನ್ನು ಎಳೆದು ತೆಗೆದ. ಅಡಾಪ್ಟರ್ ಎನ್ನುವುದು ಕೆಲಸ ಬಾರದವರಿಗೆ ಎಂಬುದು ಅವನ ಖಚಿತ ಅಭಿಪ್ರಾಯವಾಗಿತ್ತು. ಪೆಟ್ಟಿಗೆಯ ಮುಂಭಾಗದಲ್ಲಿ ಕಂಡ ಸೀಳಿನೊಳಗೆ ಕಾರ್ಡನ್ನು ಇಟ್ಟು, ಹೆಬ್ಬೆರಳಿನಿಂದ ಒತ್ತಿದ.

ಒಳಗಿನಿಂದ 'ಟಿಕ್' ಎಂದಿತು. ಆಮೇಲೆ 'ಟಕ್'. ಆಮೇಲೆ ತೀರಾ ಕೆಳಗಿನಿಂದ, ಬಾವಿಗೆ ಬಿದ್ದ ಚಮಚದ ಹಾಗೆ, 'ಟಿಣ್'.

ಅವನು ಪರದೆ ನೋಡಿದ. ಪರದೆ ಅವನನ್ನು ನೋಡಿತು. ಕಾರ್ಡು ಹಾಕಿದ ಗುರುತೇ ಅಲ್ಲಿರಲಿಲ್ಲ. ಬಗ್ಗಿ ಮತ್ತೆ ನೋಡಿದ ಮೇಲೆ ತಿಳಿಯಿತು: ಕಾರ್ಡಿನ ಬಾಯಿ ಒಂದು ಬೆರಳು ಮೇಲಕ್ಕಿತ್ತು. ಅವನು ಕಾರ್ಡನ್ನು ತೂರಿಸಿದ್ದು, ಮುಂದಿನ ಮುಚ್ಚಳ ಸಡಿಲವಾಗಿ ಬಾಯಿಬಿಟ್ಟಿದ್ದ ಬಿರುಕಿಗೆ.

"ಮೇಡಂ ರೂಮಲ್ಲಿ ಏನ್ ಮಾಡ್ತಿದೀರಿ ತಜ್ಞರೇ?"

ಬಾಗಿಲಲ್ಲಿ ಟೈಪಿಸ್ಟ್ ಅಕ್ಕ ನಿಂತಿದ್ದಳು. ಆಫೀಸಿನಲ್ಲಿ ಅವಳ ಕಿವಿಗೆ ಬೀಳದ ಸದ್ದಿಲ್ಲ.

"ತಪಾಸಣೆ," ಎಂದ ಅವನು ಮೇಜಿನ ಕೆಳಗಿನಿಂದಲೇ.

ಅವಳು ಬಂದು ಪಕ್ಕದಲ್ಲಿ ಕುಕ್ಕರಿಸಿ, ಖಾಲಿ ಅಡಾಪ್ಟರನ್ನೂ ಬಿರುಕನ್ನೂ ಒಂದೊಂದು ಸಲ ನೋಡಿ, "ಬಿತ್ತಾ?" ಎಂದಳು.

ಹೆಂಡತಿಯ ಎರಡು ತಿಂಗಳ ದುಡಿಮೆಯ ಕತೆಯನ್ನು ಅವನು ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಕೋಣೆಯಲ್ಲಿ ಇಬ್ಬರಿದ್ದವರು ನಾಲ್ವರಾಗಿದ್ದರು. ಉಗ್ರಾಣ ನೋಡಿಕೊಳ್ಳುವ ಸ್ಟೋರ್ ಅಣ್ಣ ಏನೋ ಸಹಿಗೆಂದು ಬಂದವನು ಅಲ್ಲೇ ನಿಂತಿದ್ದ. ಗೇಟು ಕಾಯುವ ಸೆಕ್ಯುರಿಟಿ ಮಾಮ ಗೇಟು ಬಿಟ್ಟು ಯಾಕೆ ಬಂದಿದ್ದನೋ, ಅದನ್ನು ಯಾರೂ ಕೇಳಲಿಲ್ಲ.

"ಅಯಸ್ಕಾಂತ ತರ್ತೀನಿ. ಒಂದೇ ಸಲಕ್ಕೆ ಎಳ್ಕೊಂಡು ಬರುತ್ತೆ," ಎಂದ ಸ್ಟೋರ್ ಅಣ್ಣ.

"ಕಾರ್ಡು ಕಬ್ಬಿಣ ಅಲ್ಲಪ್ಪ! ಅದೂ ಅಲ್ಲದೆ ಕಂಪ್ಯೂಟರ್ ಪಕ್ಕ ಅಯಸ್ಕಾಂತ ತಂದ್ರೆ ಇನ್ನೇನೇನು ಕೆಡುತ್ತೋ!" ಎಂದ ತಜ್ಞ.

"ನನ್ನ ಮಾತು ಕೇಳಿ," ಎಂದ ಸೆಕ್ಯುರಿಟಿ ಮಾಮ. "ಹೇಗೆ ಒಳಗೆ ಹೋಯ್ತೋ ಹಾಗೇ ಹೊರಗೆ ಬರುತ್ತೆ. ತಲೆಕೆಳಗೆ ಮಾಡಿ, ಅಲ್ಲಾಡ್ಸಿ."

ಮಾತು ನ್ಯಾಯವಾಗಿ ಕಂಡಿತು. ವೈರುಗಳನ್ನು ಕಿತ್ತು, ನಾಲ್ವರೂ ಸೇರಿ ಮೇಡಂ ಕಂಪ್ಯೂಟರನ್ನು ಮೇಜಿನ ಮೇಲೆತ್ತಿ, ತಲೆಕೆಳಗೆ ಹಿಡಿದು ಕುಲುಕಿದರು. ಒಳಗೆ ಗಲಗಲ ಸದ್ದಾಯಿತು. ಹೊರಗೆ ಬಂದದ್ದು ಒಂದು ಗುಂಡುಪಿನ್ನು, ಒಂದು ಪೆನ್ನಿನ ಮುಚ್ಚಳ.

"ಒಂದೇ ಕಾರ್ಡಿಗೆ ಇಷ್ಟೊಂದು ಸದ್ದಾ?" ಎಂದು ತಜ್ಞ ಕೇಳಿದ. ಉಳಿದ ಮೂವರೂ ಅದೇಕೋ ಗೋಡೆಯ ಗಡಿಯಾರ ನೋಡಿದರು.

ಮುಂದಿನ ಉಪಾಯ ಟೈಪಿಸ್ಟ್ ಅಕ್ಕನದು. ಪ್ಲಾಸ್ಟಿಕ್ ಸ್ಕೇಲಿನ ತುದಿಗೆ ಎರಡೂ ಬದಿ ಅಂಟುವ ಟೇಪು ಸುತ್ತಿ, ಬಿರುಕಿನೊಳಗೆ ಇಳಿಸಿ, ವೈದ್ಯರು ಗಂಟಲು ಪರೀಕ್ಷಿಸುವ ಹಾಗೆ ಆಡಿಸಬೇಕು. ಆಡಿಸಿದರು. ಸ್ಕೇಲು ಹೊರಗೆ ಬಂತು, ಟೇಪು ಬರಲಿಲ್ಲ. ಟೇಪು ತೆಗೆಯಲು ಇಳಿಸಿದ ಇನ್ನೊಂದು ಸ್ಕೇಲು ಅರ್ಧಕ್ಕೆ ಮುರಿದು ಅರ್ಧ ಒಳಗೇ ಉಳಿಯಿತು. ಕಂಪ್ಯೂಟರಿನ ಹೊಟ್ಟೆ ತುಂಬುತ್ತಿತ್ತೇ ಹೊರತು ಅದು ಏನನ್ನೂ ವಾಪಸು ಕೊಡುತ್ತಿರಲಿಲ್ಲ.

ಗಡಿಯಾರ ಒಂದು ಹೊಡೆಯಿತು. ತಜ್ಞನ ಕಣ್ಣ ಮುಂದೆ ಹೆಂಡತಿ ಬಂದಳು. ಬೈಯುತ್ತಿರಲಿಲ್ಲ. ಸುಮ್ಮನೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅವನು ಎದ್ದು ತೋಳು ಮಡಚಿದ. "ಬಿಚ್ಚೋಣ."

"ಮೇಡಂ ಕಂಪ್ಯೂಟರನ್ನಾ?" ಟೈಪಿಸ್ಟ್ ಅಕ್ಕನ ಧ್ವನಿ ಇಳಿಯಿತು.

"ಬಿಚ್ಚಿ ಜೋಡಿಸೋದು ಎಷ್ಟು ಹೊತ್ತು? ಎರಡು ನಿಮಿಷ!"

ನಾಲ್ಕು ಸ್ಕ್ರೂ ಸಲೀಸಾಗಿ ಬಂದವು. ಐದನೆಯದರ ತಲೆ ನಕ್ಷತ್ರದಂತಿತ್ತು. ಉಗ್ರಾಣದ ಯಾವ ಸ್ಕ್ರೂಡ್ರೈವರಿಗೂ ಅದು ಜಗ್ಗಲಿಲ್ಲ. ಕೊನೆಗೆ ಅದನ್ನು ತಿರುಗಿಸಿದ್ದು ಟೈಪಿಸ್ಟ್ ಅಕ್ಕ, ತನ್ನ ಉಗುರು ತೀಡುವ ಅರದಿಂದ. ಪಕ್ಕದ ತಗಡು ಕಳಚಿತು. ಒಳಗೆ ಧೂಳು ಹತ್ತಿಯ ಹಾಸಿಗೆಯಂತೆ ಮಲಗಿತ್ತು. ಕಾರ್ಡು ಎಲ್ಲಿದೆಯೆಂದು ಯಾರಿಗೂ ಕಾಣಲಿಲ್ಲ.

"ಕೈ ಹಾಕ್ಬೇಡಿ. ನಮ್ಮತ್ರ ಗಾಳಿ ಇದೆಯಲ್ಲ," ಎಂದ ಸ್ಟೋರ್ ಅಣ್ಣ, ಹೊರಗೆ ಓಡಿದ.

ಅವನು ತಂದದ್ದು ಮೀಟರುಗಳ ಒಳಗಿನ ಲೋಹದ ಪುಡಿ ಹಾರಿಸುವ ಗಾಳಿಯ ಪಿಸ್ತೂಲು. "ಮೆಲ್ಲಗೆ ಬಿಡು, ಮೆಲ್ಲಗೆ..." ಎಂದು ತಜ್ಞ ಹೇಳುತ್ತಿರುವಾಗಲೇ ಸ್ಟೋರ್ ಅಣ್ಣ ಅದರ ಟ್ರಿಗರ್ ಒತ್ತಿದ. ಬುಸ್ ಎಂದದ್ದೊಂದೇ ಗೊತ್ತು. ಕೋಣೆಯಲ್ಲಿ ಯಾರಿಗೂ ಯಾರೂ ಕಾಣಲಿಲ್ಲ. ಧೂಳಿನ ಮೋಡದೊಳಗೆ ನಾಲ್ಕು ಸೀನುಗಳು ಒಂದರ ಮೇಲೊಂದು ಸಿಡಿದವು. ಮೋಡ ಇಳಿದಾಗ ಎಲ್ಲರೂ ಬೂದಿ ಬಳಿದುಕೊಂಡವರಂತಿದ್ದರು. ಮುರಿದ ಸ್ಕೇಲು ಫ್ಯಾನಿನ ರೆಕ್ಕೆಯ ಮೇಲಿತ್ತು.

"ಸಿಕ್ತು!" ಎಂದ ತಜ್ಞ, ಬಾಗಿಲ ಬಳಿಯಿಂದ ಪುಟ್ಟ ಕಪ್ಪು ಕಾರ್ಡನ್ನು ಎತ್ತಿ.

"ಇಲ್ಲೂ ಒಂದಿದೆ," ಎಂದ ಸೆಕ್ಯುರಿಟಿ ಮಾಮ, ಬೀರುವಿನ ಕೆಳಗಿನಿಂದ.

"ಇಲ್ಲೊಂದು," ಎಂದಳು ಟೈಪಿಸ್ಟ್ ಅಕ್ಕ.

ಹುಡುಕಿ ಮುಗಿಸಿದಾಗ ಮೇಜಿನ ಮೇಲೆ ಐದು ಕಾರ್ಡುಗಳಿದ್ದವು. ಐದೂ ಕಪ್ಪು, ಐದೂ ಉಗುರಿನಷ್ಟು, ಐದಕ್ಕೂ ಒಂದೇ ಧೂಳು. ತಜ್ಞ ಕಾರ್ಡುಗಳನ್ನು ನೋಡಿದ, ಆಮೇಲೆ ಜನರನ್ನು ನೋಡಿದ.

"ಮೂರು ವರ್ಷದ ಹಿಂದೆ," ಎಂದು ಟೈಪಿಸ್ಟ್ ಅಕ್ಕ ಶುರುಮಾಡಿದಳು, ನೆಲ ನೋಡುತ್ತ. "ಮೇಡಂ ರಜೆ ಇದ್ರು. ತಂಗಿ ಮಗೂದು ಫೋಟೊ ಪ್ರಿಂಟ್ ಹಾಕೋಣ ಅಂತ ಬಂದೆ. ಟಿಣ್ ಅಂತು. ಮನೇಲಿ ಹೇಗೆ ಹೇಳ್ಲಿ? ಫೋಟೊ ಅಂಗಡಿಯವನು ಕಳೆದ ಅಂತ ಹೇಳ್ಬಿಟ್ಟೆ. ನಮ್ಮನೆಯವರು ಯಾರೂ ಅವನ ಜೊತೆ ಮಾತಾಡಲ್ಲ ಈಗ."

"ಛೆ ಛೆ ಅಕ್ಕಾ!" ತಜ್ಞನಿಗೆ ನಿಜವಾಗಿಯೂ ನೋವಾಯಿತು. "ತಾನು ಮಾಡಿದ ತಪ್ಪನ್ನ ಪಾಪ ಆ ಮನುಷ್ಯನ ತಲೆಗೆ ಕಟ್ಟೋದಾ? ಮನುಷ್ಯ ಅಂದಮೇಲೆ ಒಪ್ಕೋಬೇಕು."

ಅವಳು ತಲೆ ತಗ್ಗಿಸಿದಳು. ಸ್ಟೋರ್ ಅಣ್ಣ ಕೆಮ್ಮಿ, ತನ್ನದೂ ಒಂದಿರಬಹುದು ಎಂದ. ಸೆಕ್ಯುರಿಟಿ ಮಾಮ ಮಾತ್ರ ಯಾವ ಮುಜುಗರವೂ ಇಲ್ಲದೆ ಮಧ್ಯದ ಕಾರ್ಡನ್ನೆತ್ತಿ ಬೆಳಕಿಗೆ ಹಿಡಿದು, "ಇದು ನಂದು. ನೋಡಿ, ಹಲ್ಲಿನ ಗುರುತಿದೆ," ಎಂದು ಜೇಬಿಗೆ ಹಾಕಿಕೊಂಡ. ಹಲ್ಲಿನ ಗುರುತು ಹೇಗೆ ಬಂತೆಂದು ಕೇಳಲು ಸಮಯವಿರಲಿಲ್ಲ. ಆಗಲೇ ಎರಡೂವರೆ.

ಉಳಿದ ನಾಲ್ಕರಲ್ಲಿ ಪಾಠ ಯಾವುದರಲ್ಲಿದೆ? ಟೈಪಿಸ್ಟ್ ಅಕ್ಕನ ಫೋನಿನಲ್ಲಿ ಕಾರ್ಡು ಕೂರಿಸುವ ಪುಟ್ಟ ತಟ್ಟೆಯಿತ್ತು. ಮೊದಲನೆಯದನ್ನು ಹಾಕಿದ ಕೂಡಲೇ ಫೋನು, ಈ ಕಾರ್ಡನ್ನು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು.

"ಮಾಡು ಅನ್ನಿ, ಪಾಪ ಕೇಳ್ತಿದೆ," ಎಂದು ಸೆಕ್ಯುರಿಟಿ ಮಾಮ ಹೆಬ್ಬೆರಳು ಚಾಚಿದ.

ತಜ್ಞ ಆ ಹೆಬ್ಬೆರಳನ್ನು ಗಾಳಿಯಲ್ಲೇ ಹಿಡಿದ. "ಮಾಮಾ! ಫಾರ್ಮ್ಯಾಟ್ ಅಂದ್ರೆ ಇರೋದನ್ನೆಲ್ಲ ಒರೆಸಿ ಹಾಕೋದು! ಒಂದು ಅಕ್ಷರ ಉಳಿಯಲ್ಲ!"

"ಮತ್ತೆ ಅಷ್ಟು ಮರ್ಯಾದೆಯಾಗಿ ಯಾಕೆ ಕೇಳುತ್ತೆ?" ಎಂದ ಮಾಮ ಅಸಮಾಧಾನದಿಂದ.

ಕಾರ್ಡಿನ ಹೊಂಬಣ್ಣದ ಗೆರೆಗಳನ್ನು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿದಾಗ ಅದು ತೆರೆದುಕೊಂಡಿತು. ಹಲ್ಲಿಲ್ಲದ ಒಂದು ಮಗು ಪರದೆ ತುಂಬ ನಕ್ಕಿತು. ಟೈಪಿಸ್ಟ್ ಅಕ್ಕ ಮೂಗು ಒರೆಸಿಕೊಂಡಳು. ಎರಡನೆಯದರಲ್ಲಿ ಸ್ಟೋರ್ ಅಣ್ಣನಿದ್ದ, ಮುನ್ನೂರು ಫೋಟೊ, ಎಲ್ಲದರಲ್ಲೂ ತಲೆ ತುಂಬ ಕೂದಲು. "ಸಾಕು, ತೆಗೀರಿ," ಎಂದ ಅವನು ಬೋಳುತಲೆ ಸವರಿಕೊಳ್ಳುತ್ತ. ಆದರೆ ಕಾರ್ಡನ್ನು ಮಾತ್ರ ಕರ್ಚೀಫಿನಲ್ಲಿ ಜೋಪಾನವಾಗಿ ಸುತ್ತಿಟ್ಟುಕೊಂಡ.

ಮೂರನೆಯದರಲ್ಲಿ ಇದ್ದದ್ದು ಒಂದೇ ಒಂದು ವಿಡಿಯೊ. ತಜ್ಞ ಒತ್ತಿದ. ಕನ್ನಡಿಯ ಮುಂದೆ ಮ್ಯಾನೇಜರ್ ಮೇಡಂ ನಿಂತಿದ್ದರು.

"ನೀವು ನನ್ನ ತಾಳ್ಮೆ ಪರೀಕ್ಷೆ ಮಾಡ್ತಿದೀರಿ," ಎಂದು ವಿಡಿಯೊದ ಮೇಡಂ ಕನ್ನಡಿಗೆ ಹೇಳಿದರು. ತೃಪ್ತಿಯಾಗಲಿಲ್ಲ. ಗಂಟಲು ಸರಿಮಾಡಿಕೊಂಡು, ಹುಬ್ಬು ಎತ್ತಿ, "ನೀವು... ನನ್ನ ತಾಳ್ಮೆ... ಪರೀಕ್ಷೆ ಮಾಡ್ತಿದೀರಿ!" ಎಂದರು. ಆಮೇಲೆ ಕೈಯಲ್ಲಿದ್ದ ಕಾಗದ ನೋಡಿಕೊಂಡು, ಬೆರಳು ಕುಣಿಸುತ್ತ, ಮೂರನೆಯ ರಾಗದಲ್ಲಿ ಅದನ್ನೇ ಹೇಳಿದರು.

"ನೀವು ನನ್ನ ತಾಳ್ಮೆ ಪರೀಕ್ಷೆ ಮಾಡ್ತಿದೀರಿ."

ಈ ನಾಲ್ಕನೆಯ ರಾಗ ಫೋನಿನಿಂದ ಬಂದದ್ದಲ್ಲ. ಬಾಗಿಲಿನಿಂದ ಬಂದದ್ದು.

ಮೇಡಂ ಹೊಸ್ತಿಲಲ್ಲಿ ನಿಂತಿದ್ದರು. ಅವರ ನೋಟ ಧೂಳು ಮೆತ್ತಿದ ನಾಲ್ಕು ಮುಖಗಳ ಮೇಲೆ ಹಾದು, ಕರುಳು ಹೊರಬಿದ್ದ ಕಂಪ್ಯೂಟರಿನ ಮೇಲೆ ಹಾದು, ಫ್ಯಾನಿನ ಮೇಲಿನ ಸ್ಕೇಲಿಗೆ ಹೋಗಿ, ಕೊನೆಗೆ ಫೋನಿನ ಮೇಲೆ ನಿಂತಿತು. ಫೋನಿನಲ್ಲಿ ಇನ್ನೊಬ್ಬ ಮೇಡಂ ಇನ್ನೂ ಬೆರಳು ಕುಣಿಸುತ್ತಿದ್ದರು. ತಜ್ಞನ ಹದಿನಾಲ್ಕು ವರ್ಷದ ನೌಕರಿ ಕಣ್ಣೆದುರೇ ಗಂಟುಮೂಟೆ ಕಟ್ಟತೊಡಗಿತು.

ಆದರೆ ಮೇಡಂ ಒಳಬಂದು ಬಾಗಿಲು ಮುಚ್ಚಿದರು. ಅವರ ಕಿವಿ ಕೆಂಪಾಗಿತ್ತು.

"ಈ ಕಾರ್ಡ್ ನೀವು ಯಾರೂ ನೋಡಿಲ್ಲ," ಎಂದರು ಮೆಲ್ಲಗೆ.

"ಇಲ್ಲ ಮೇಡಂ," ನಾಲ್ಕು ಕಂಠ ಒಟ್ಟಿಗೆ ಹೇಳಿದವು.

"ನನ್ನ ಕಂಪ್ಯೂಟರ್ ಬಿಚ್ಚಿದ್ದು ನಾನೂ ನೋಡಿಲ್ಲ. ನಾನು ಹೊರಗೆ ನಿಂತಿರ್ತೀನಿ. ಯಾರೂ ಒಳಗೆ ಬರದ ಹಾಗೆ ನೋಡ್ಕೋತೀನಿ. ಬೇಗ ಜೋಡಿಸಿ."

ಮೇಡಂ ಕಾವಲು ನಿಂತರು. ಒಳಗೆ ತಜ್ಞ ಹಲ್ಲುಚಕ್ರ ಬರೆಯುವ ಕೈಯಿಂದ ಒಂದೊಂದೇ ವೈರನ್ನು ಅದರದರ ಜಾಗಕ್ಕೆ ಸೇರಿಸಿದ. ಎರಡು ಸ್ಕ್ರೂ ಮಿಕ್ಕವು. ಅವನ್ನು ಕಂಪನಿ ಹೆಚ್ಚಿಗೆ ಹಾಕಿತ್ತೆಂದು ತೀರ್ಮಾನವಾಯಿತು. ಸ್ವಿಚ್ ಹಾಕಿದಾಗ ಕಂಪ್ಯೂಟರ್ ಒಮ್ಮೆ ಕೆಮ್ಮಿ, ಮೊದಲಿಗಿಂತ ಹಗುರವಾದ ದನಿಯಲ್ಲಿ ಗುರ್ರೆಂದಿತು. ಹೊಟ್ಟೆಯ ಧೂಳು ಹೋದದ್ದರಿಂದ ಅದಕ್ಕೂ ಉಸಿರಾಟ ಸುಲಭವಾಗಿರಬೇಕು.

ಉಳಿದ ಕೊನೆಯ ಕಾರ್ಡನ್ನು ಅವನು ಅಡಾಪ್ಟರಿನೊಳಗೆ ಕೂರಿಸಿ, ಸರಿಯಾದ ಬಾಯಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ, ಉಸಿರು ಬಿಗಿಹಿಡಿದು ತಳ್ಳಿದ. ಪರದೆ ಬೆಳಗಿತು. ಹೆಂಡತಿಯ ಪಾಠಗಳು ಸಾಲಾಗಿ ನಿಂತವು. ಮೊದಲನೆಯದರಲ್ಲಿ ಅವಳ ಕೈ, ಕತ್ತರಿ, ಬಿಳಿ ಬಟ್ಟೆ.

"ಹದಿಮೂರು ಇದೆ," ಎಂದಳು ಎಣಿಸಿದ ಟೈಪಿಸ್ಟ್ ಅಕ್ಕ. "ಹನ್ನೆರಡು ಅಂದ್ರಲ್ಲ?"

"ಒಂದು ಜಾಸ್ತಿ ಇದ್ರೆ ಒಳ್ಳೇದೇ," ಎಂದ ಸ್ಟೋರ್ ಅಣ್ಣ. "ಶ್ರಮಪಟ್ಟಿದಾರೆ ಅಂತ ಗೊತ್ತಾಗುತ್ತೆ."

ಗಂಟೆ ನಾಲ್ಕಾಗಿತ್ತು. ಒಂದೊಂದನ್ನೂ ತೆರೆದು ನೋಡುತ್ತ ಕೂರಲು ಸಮಯವೆಲ್ಲಿ? ತಜ್ಞ ಎಲ್ಲವನ್ನೂ ಒಟ್ಟಿಗೆ ಆರಿಸಿ, ಕಳಿಸುವ ಗುಂಡಿ ಒತ್ತಿದ. ಹಸಿರು ಗೆರೆ ಬಸವನಹುಳುವಿನಂತೆ ತೆವಳಿತು. ಅರ್ಧಕ್ಕೆ ಬಂದು ನಿಂತಿತು. ಐವರೂ ಪರದೆಗೆ ಮುಖ ಒಡ್ಡಿ ನಿಂತರು. ಐದನೆಯವರು ಮೇಡಂ, ಕುತೂಹಲ ತಡೆಯದೆ ಕಾವಲು ಬಿಟ್ಟು ಬಂದಿದ್ದರು. ಗೆರೆ ಮತ್ತೆ ತೆವಳಿತು. ಐದಕ್ಕೆ ಎಂಟು ನಿಮಿಷ ಇರುವಾಗ 'ತಲುಪಿದೆ' ಎಂಬ ಪದ ಮೂಡಿತು. ಸೆಕ್ಯುರಿಟಿ ಮಾಮ ಸಲ್ಯೂಟ್ ಹೊಡೆದ. ಮೇಡಂ ಚಪ್ಪಾಳೆ ತಟ್ಟಿದರು, ಆಮೇಲೆ ನೆನಪಾಗಿ ನಿಲ್ಲಿಸಿದರು.

ಮನೆಗೆ ಹೋಗುವ ದಾರಿಯುದ್ದಕ್ಕೂ ತಜ್ಞ ಶಿಳ್ಳೆ ಹಾಕಿದ. ಬಾಗಿಲಲ್ಲೇ ನಿಂತಿದ್ದ ಹೆಂಡತಿ, "ಕಳಿಸಿದ್ರಾ? ತೊಂದ್ರೆ ಏನೂ ಆಗ್ಲಿಲ್ವಾ?" ಎಂದಳು.

"ಏನು ತೊಂದ್ರೆ? ಎರಡು ನಿಮಿಷ," ಎಂದ ಅವನು.

"ತಲೆ ಯಾಕೆ ಬೆಳ್ಳಗಾಗಿದೆ?"

"ಕೆಲಸದ ಒತ್ತಡ."

ಏಳು ಗಂಟೆಗೆ ಅವಳ ಫೋನು ರಿಂಗಾಯಿತು. ಹೊಲಿಗೆ ಶಾಲೆಯ ಪ್ರಿನ್ಸಿಪಾಲರು. ತಜ್ಞನೇ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ. ಒಳ್ಳೆಯ ಸುದ್ದಿಯನ್ನು ಇಬ್ಬರೂ ಒಟ್ಟಿಗೆ ಕೇಳಬೇಕು ಎಂಬುದು ಅವನ ಆಸೆ.

"ಅಮ್ಮಾ, ನೀವೇ ಆಯ್ಕೆಯಾಗಿದೀರಿ," ಎಂದಿತು ಆ ಕಡೆಯ ಹೆಣ್ಣುದನಿ. "ಪಾಠ ಎಲ್ಲರೂ ಚೆನ್ನಾಗೇ ಮಾಡಿದಾರೆ. ಆದ್ರೆ ನಿಮ್ಮ ಹದಿಮೂರನೇದು ಇದೆಯಲ್ಲ, ಅದನ್ನ ನಾವು ಸಮಿತಿಯವರೆಲ್ಲ ಮೂರು ಸಲ ನೋಡಿದ್ವಿ. ನಕ್ಕು ನಕ್ಕು ಒಬ್ಬರಿಗೆ ನೀರು ಕೊಡ್ಬೇಕಾಯ್ತು."

"ಹದಿಮೂರನೇದಾ?" ಎಂದಳು ಹೆಂಡತಿ.

"ಅದೇ, ಆ ಯಜಮಾನರು ಬಂದು ಬಟ್ಟೆ ತೊಡಿಸೋ ಗೊಂಬೆಗೆ ಪಾಠ ಹೇಳ್ತಾರಲ್ಲ! 'ಕಾಲರ್ ಏನು ಮಹಾ ವಿದ್ಯೆ, ಎರಡು ನಿಮಿಷದ ಕೆಲಸ' ಅಂತ ಹೇಳಿ, ಕೂತು, ತಮ್ಮ ಅಂಗಿ ತೋಳನ್ನೇ ಕಾಲರಿಗೆ ಸೇರಿಸಿ ಹೊಲ್ಕೊಂಡು ಬಿಡ್ತಾರೆ. ಎಳೆದ್ರೆ ಬರಲ್ಲ. ಆಮೇಲೆ ಆ ಕಡೆ ಈ ಕಡೆ ನೋಡಿ, ಕತ್ತರಿ ತಗೊಂಡು ತೋಳನ್ನೇ ಕತ್ತರಿಸಿ, ಚೂರನ್ನ ಜೇಬಿಗೆ ಹಾಕ್ಕೊಂಡು, ಶಿಳ್ಳೆ ಹೊಡೀತಾ ಹೋಗ್ತಾರೆ. ಎಷ್ಟು ಸಹಜವಾಗಿ ಮಾಡಿದಾರೆ! ಎಲ್ಲಿಂದ ಹಿಡ್ಕೊಂಡು ಬಂದ್ರಿ ಇಂಥ ಕಲಾವಿದರನ್ನ?"

ಕಾಲರಿನ ಪಾಠದ ನಡುವೆ ಯಾರೋ ಬಾಗಿಲು ತಟ್ಟಿದರೆಂದು ಹೆಂಡತಿ ಎದ್ದು ಹೋದದ್ದು, ಕ್ಯಾಮೆರಾ ಆರಿಸಲು ಮರೆತದ್ದು, ಅದೇ ಹೊತ್ತಿಗೆ ತಾನು ಆ ಕೋಣೆಗೆ ಕಾಲಿಟ್ಟದ್ದು, ಆಮೇಲೆ ಅವಳು ಆ ಪಾಠವನ್ನು ಮೊದಲಿನಿಂದ ಮತ್ತೆ ಚಿತ್ರಿಸಿದ್ದು ಎಲ್ಲವೂ ತಜ್ಞನಿಗೆ ಒಟ್ಟಿಗೆ ಹೊಳೆಯಿತು. ಕ್ಯಾಮೆರಾ ಓಡುತ್ತಿದೆಯೆಂದು ಅವನಿಗೆ ಹೇಗೆ ತಿಳಿಯಬೇಕು? ಗಾಳಿ ಹೋದ ಬಲೂನಿನಂತೆ ಕುರ್ಚಿಯಲ್ಲಿ ಇಳಿದ.

"ಅಂಗಿ," ಎಂದಳು ಹೆಂಡತಿ, ಫೋನಿಗೆ ಹೇಳುತ್ತಿದ್ದರೂ ಗಂಡನನ್ನೇ ನೋಡುತ್ತ, "ನೀಲಿ ಬಣ್ಣದ್ದಾ?"

"ಹೌದಮ್ಮ, ನೀಲಿ. ಬಿಳಿ ಗೆರೆ."

"ಇಸ್ತ್ರಿಯವನು ತೋಳು ಸುಟ್ಟ ಅಂದ್ರಿ," ಎಂದಳು ಅವನಿಗೆ. "ನಾನು ಬೀದಿಯಲ್ಲಿ ನಿಂತು ಅವನ ಜೊತೆ ಜಗಳ ಆಡಿದೀನಿ. ಒಂದು ತಿಂಗಳಿಂದ ಅವನ ಅಂಗಡಿ ಮುಂದೆ ಮುಖ ತಿರುಗಿಸ್ಕೊಂಡು ಹೋಗ್ತಿದೀನಿ."

ತಜ್ಞನಿಗೆ ಮಧ್ಯಾಹ್ನ ಟೈಪಿಸ್ಟ್ ಅಕ್ಕನಿಗೆ ತಾನು ಹೇಳಿದ ಮಾತುಗಳು ನೆನಪಾದವು. ಅವು ಅಷ್ಟು ಸ್ಪಷ್ಟವಾಗಿ ನೆನಪಾಗದಿದ್ದರೆ ಒಳ್ಳೆಯದಿತ್ತು.

"ಬೆಳಿಗ್ಗೆ ಎದ್ದ ಕೂಡಲೇ ಹೋಗಿ ಕ್ಷಮೆ ಕೇಳ್ತೀನಿ," ಎಂದ.

"ಅಮ್ಮಾ, ಕೇಳಿಸ್ತಿದೆಯಾ?" ಎಂದಿತು ಫೋನು. "ಒಂದು ಷರತ್ತಿದೆ. ಹೇಗೆ ಹೊಲೀಬೇಕು ಅಂತ ಎಲ್ಲರೂ ತೋರಿಸ್ತಾರೆ, ಹೇಗೆ ಕೆಡುತ್ತೆ ಅಂತ ತೋರಿಸಿದ್ದು ನೀವೊಬ್ಬರೇ. ಆ ಯಜಮಾನರು ಪ್ರತಿ ಭಾನುವಾರ ತರಗತಿಗೆ ಬರ್ಬೇಕು. ಎಂಟು ತಿಂಗಳ ಕೋರ್ಸು. ಬರ್ತಾರಾ?"

ತಜ್ಞ ಬೇಡ ಬೇಡವೆಂದು ಎರಡೂ ಕೈ ಆಡಿಸಿದ. ಭಾನುವಾರಗಳು ಒಂದೊಂದಾಗಿ ಸಾಲುಗಟ್ಟಿ ಅವನನ್ನು ದಾಟಿ ಹೋಗುತ್ತಿದ್ದವು.

"ಬರ್ತಾರೆ," ಎಂದಳು ಹೆಂಡತಿ. "ಅಂಗಿನೂ ಬೇಕಾದಷ್ಟಿವೆ."

ಫೋನು ಇಟ್ಟ ಮೇಲೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಅಳುವಿಗೋ ನಗುವಿಗೋ ತಿಳಿಯಲಿಲ್ಲ. ಆದರೆ ತಜ್ಞನ ಆತ್ಮವಿಶ್ವಾಸ ಅಷ್ಟಕ್ಕೆಲ್ಲ ನೆಲಕಚ್ಚುವಂಥದಾಗಿರಲಿಲ್ಲ. ಎದ್ದು ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತು, ಚಕ್ರಕ್ಕೆ ಕೈ ಹಾಕಿ ಹೇಳಿದ: "ಜನರೆದುರು ಹೋಗಿ ನಗೆಪಾಟಲು ಯಾಕಾಗ್ಲಿ? ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇದೆ. ಕಾಲರ್ ಹೊಲಿಯೋದು ಒಂದು ಸಲ ಹೇಳ್ಕೊಡು, ಕಲಿತುಬಿಡ್ತೀನಿ."

ಹೆಂಡತಿ ಬಂದು ಅವನ ಕೈಯನ್ನು ಚಕ್ರದಿಂದ ಮೃದುವಾಗಿ ಬಿಡಿಸಿದಳು.

"ಕಲಿಯೋ ಹಾಗಿಲ್ಲ ರೀ," ಎಂದಳು. "ನೀವು ಕಲಿತ್ರೆ ನನ್ನ ಕೆಲಸ ಹೋಗುತ್ತೆ."